ಪೊಲೀಸ್ ಇಲಾಖೆಗೆ ಮಾನ್ಯತೆ ಸಿಕ್ಕರೆ ಉತ್ತರದಾಯಿತ್ವ ಹೆಚ್ಚುತ್ತದೆಯೇ? ನಿವಾಸಿಗಳು ಏನನ್ನು ಕೇಳಬೇಕು?

ಪ್ರಶ್ನೆ ಕೇಳಿದವರು: ನೆರೆಬೀದಿ

ನಮಸ್ಕಾರ. ಅಮೆರಿಕದಲ್ಲಿ ನೆಲೆಸಿ ಸ್ಥಳೀಯ ಆಡಳಿತದ ವಿಷಯಗಳಲ್ಲಿ ತೊಡಗಿಕೊಂಡಿರುವ ಕನ್ನಡಿಗರು ಇಲ್ಲಿ ಕೆಲವರಾದರೂ ಇದ್ದಾರೆ ಎಂಬ ನಂಬಿಕೆಯಿಂದ ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ.

ನಾನಿರುವುದು ಒಂದು ಸಾಧಾರಣ ಗಾತ್ರದ ಪಟ್ಟಣ. ಪೊಲೀಸ್ ಇಲಾಖೆಯಲ್ಲಿ ಐವತ್ತರ ಆಸುಪಾಸಿನಷ್ಟು ಅಧಿಕಾರಿಗಳಿದ್ದಾರೆ. ಎರಡು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲೇ ಹದಿನೇಳು ವರ್ಷದ ಹುಡುಗನೊಬ್ಬನ ಕಾರನ್ನು ನಿಲ್ಲಿಸಿದ ಅಧಿಕಾರಿಯೊಬ್ಬರು ಅವನನ್ನು ಹೊರಗೆಳೆದು ನೆಲಕ್ಕೆ ಒತ್ತಿ ಹಿಡಿದರು. ಹುಡುಗನ ಮೊಣಕೈ ಮುರಿಯಿತು. ಅವನ ಮೇಲೆ ಯಾವ ಮೊಕದ್ದಮೆಯೂ ದಾಖಲಾಗಲಿಲ್ಲ. ತಾಯಿ ದೂರು ಕೊಟ್ಟರು. ಏಳು ತಿಂಗಳು ಯಾವ ಸುದ್ದಿಯೂ ಇರಲಿಲ್ಲ. ಆಮೇಲೆ ಬಂದ ಪತ್ರದಲ್ಲಿ ಇದ್ದದ್ದು ಎರಡೇ ಸಾಲು: ವಿಚಾರಣೆ ಮುಗಿದಿದೆ, ಅಧಿಕಾರಿಯ ವರ್ತನೆ ಇಲಾಖೆಯ ನೀತಿಗೆ ಅನುಗುಣವಾಗಿತ್ತು. ಆ ನೀತಿಯ ಪ್ರತಿಯನ್ನು ಕೊಡಿ ಎಂದು ಅವರು ಕೇಳಿದ್ದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ಆ ಘಟನೆಯ ನಂತರ ನಾವು ಹನ್ನೊಂದು ಮಂದಿ ಸೇರಿ ಒಂದು ನಿವಾಸಿಗಳ ಸಮಿತಿಯನ್ನು ಮಾಡಿಕೊಂಡೆವು. ಈಗ ಪೊಲೀಸ್ ಮುಖ್ಯಸ್ಥರು ನಗರ ಪರಿಷತ್ತಿನ ಸಭೆಯಲ್ಲಿ, ಇಲಾಖೆಯು ಎರಡು ವರ್ಷಗಳಿಂದ ರಾಷ್ಟ್ರೀಯ ಮಾನ್ಯತೆಗಾಗಿ ಸಿದ್ಧತೆ ನಡೆಸಿದೆಯೆಂದೂ, ಸ್ವಯಂ ಪರಿಶೀಲನೆಯ ಹಂತ ಮುಗಿಯುತ್ತ ಬಂದಿದೆಯೆಂದೂ, ಹೊರಗಿನ ಪರಿಶೀಲಕರು ಕೆಲವೇ ತಿಂಗಳಲ್ಲಿ ಬರುತ್ತಾರೆಂದೂ ತಿಳಿಸಿದ್ದಾರೆ. ಸಾರ್ವಜನಿಕರು ಅಭಿಪ್ರಾಯ ಸಲ್ಲಿಸಬಹುದಂತೆ. ಸಮಿತಿಯಲ್ಲಿ ಅರ್ಧದಷ್ಟು ಜನ ಇದನ್ನು ನಮ್ಮ ಒತ್ತಾಯದ ಫಲವೆಂದು ಸಂಭ್ರಮಿಸುತ್ತಿದ್ದಾರೆ. ಉಳಿದರ್ಧ, ಇನ್‌ಸ್ಪೆಕ್ಷನ್ ಬರುತ್ತದೆಂದು ಶಾಲೆಗೆ ಸುಣ್ಣ ಬಳಿಯುವ ಕೆಲಸವಿದು ಎನ್ನುತ್ತಿದ್ದಾರೆ. ನನಗೆ ಇಬ್ಬರ ಮಾತೂ ಅರ್ಧ ಸರಿ ಎನ್ನಿಸುತ್ತದೆ. ಈ ಮಾನ್ಯತೆ ಎಂದರೆ ನಿಜವಾಗಿ ಏನು, ಅದರಿಂದ ಆ ತಾಯಿಗೆ ಸಿಗದ ಉತ್ತರ ಮುಂದಿನವರಿಗಾದರೂ ಸಿಗುತ್ತದೆಯೇ, ನಾವು ಪರಿಶೀಲಕರ ಮುಂದೆ ಏನನ್ನು ಹೇಳಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕಡತದವರು

ನಾನು ಬೇರೊಂದು ರಾಜ್ಯದ ಪೊಲೀಸ್ ಇಲಾಖೆಯೊಂದರಲ್ಲಿ ಒಂಬತ್ತು ವರ್ಷ ಸಮವಸ್ತ್ರವಿಲ್ಲದ ಸಿಬ್ಬಂದಿಯಾಗಿದ್ದೆ. ಮಾನ್ಯತೆಯ ಕಡತಗಳನ್ನು ಸಿದ್ಧಪಡಿಸುವುದೇ ನನ್ನ ಕೆಲಸವಾಗಿತ್ತು. ಆದ್ದರಿಂದ ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ.

ನಿಮ್ಮ ಮುಖ್ಯಸ್ಥರು ಹೇಳಿದ ರಾಷ್ಟ್ರೀಯ ಮಾನ್ಯತೆಯನ್ನು ಕೊಡುವುದು ಬಹುಮಟ್ಟಿಗೆ ಕಮಿಷನ್ ಆನ್ ಅಕ್ರೆಡಿಟೇಶನ್ ಫಾರ್ ಲಾ ಎನ್‌ಫೋರ್ಸ್‌ಮೆಂಟ್ ಏಜೆನ್ಸೀಸ್ ಎಂಬ ಸಂಸ್ಥೆ. ವೃತ್ತಿಯಲ್ಲಿರುವವರು ಇದನ್ನು ಕಲಿಯಾ ಎಂದು ಕರೆಯುತ್ತಾರೆ. ಇದು ಸರ್ಕಾರದ ಅಂಗವಲ್ಲ. ಪೊಲೀಸ್ ಮುಖ್ಯಸ್ಥರ ಅಂತರರಾಷ್ಟ್ರೀಯ ಸಂಘ, ಷೆರಿಫ್‌ಗಳ ರಾಷ್ಟ್ರೀಯ ಸಂಘ, ಕಪ್ಪು ವರ್ಣೀಯ ಪೊಲೀಸ್ ಆಡಳಿತಗಾರರ ಸಂಘ ಮತ್ತು ಪೊಲೀಸ್ ಎಕ್ಸಿಕ್ಯೂಟಿವ್ ರಿಸರ್ಚ್ ಫೋರಂ ಎಂಬ ನಾಲ್ಕು ವೃತ್ತಿಸಂಸ್ಥೆಗಳು ಸೇರಿ 1979ರಲ್ಲಿ ಇದನ್ನು ಸ್ಥಾಪಿಸಿದವು. ಆಯೋಗದ 21 ಸದಸ್ಯರಲ್ಲಿ 11 ಮಂದಿ ಪೊಲೀಸ್ ವೃತ್ತಿಯವರು, ಉಳಿದವರು ಹೊರಗಿನವರು. ಅಂದರೆ ಇದು ಮೂಲತಃ ವೃತ್ತಿಯೊಂದು ತನ್ನನ್ನು ತಾನೇ ಅಳೆದುಕೊಳ್ಳಲು ಮಾಡಿಕೊಂಡ ವ್ಯವಸ್ಥೆ, ನಾಗರಿಕರು ಪೊಲೀಸರನ್ನು ಅಳೆಯಲೆಂದು ಹುಟ್ಟಿದ್ದಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅತಿ ನಿರೀಕ್ಷೆಯೂ ಇರುವುದಿಲ್ಲ, ಅತಿ ನಿರಾಶೆಯೂ ಆಗುವುದಿಲ್ಲ. ಇದಲ್ಲದೆ ನ್ಯೂಯಾರ್ಕ್, ಫ್ಲಾರಿಡಾ, ವರ್ಜೀನಿಯಾ, ಮ್ಯಾಸಚೂಸೆಟ್ಸ್ ಮುಂತಾದ ರಾಜ್ಯಗಳಲ್ಲಿ ರಾಜ್ಯಮಟ್ಟದ ಮಾನ್ಯತಾ ಕಾರ್ಯಕ್ರಮಗಳೂ ಇವೆ. ನಿಮ್ಮ ಇಲಾಖೆ ಯಾವುದಕ್ಕೆ ಅರ್ಜಿ ಹಾಕಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ, ಏಕೆಂದರೆ ಮಾನದಂಡಗಳ ಪಟ್ಟಿ ಒಂದೊಂದರಲ್ಲೂ ಬೇರೆ.

ಅರ್ಜಿ ಹಾಕುವುದು ಇಲಾಖೆಯ ಇಚ್ಛೆಗೆ ಬಿಟ್ಟದ್ದು, ಶುಲ್ಕವನ್ನೂ ಇಲಾಖೆಯೇ ಕಟ್ಟುತ್ತದೆ. ದೇಶದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿದ್ದು, ಅವುಗಳಲ್ಲಿ ಈ ಮಾನ್ಯತೆ ಪಡೆದವು ಸಣ್ಣ ಭಾಗ ಮಾತ್ರ. ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯರು ಪೊಲೀಸರ ಕೈಯಲ್ಲಿ ಸತ್ತ ನಂತರ, 2020ರ ಜೂನ್ 16ರಂದು ಹೊರಬಿದ್ದ ಅಧ್ಯಕ್ಷರ ಆದೇಶವು ಕೇಂದ್ರದ ವಿವೇಚನಾ ಅನುದಾನವನ್ನು (ಕೊಡುವುದು ಬಿಡುವುದು ಕೇಂದ್ರದ ಇಚ್ಛೆಗೆ ಬಿಟ್ಟ ಹಣವನ್ನು) ಸ್ವತಂತ್ರ ಸಂಸ್ಥೆಗಳ ಪ್ರಮಾಣೀಕರಣಕ್ಕೆ ಜೋಡಿಸಿತು. ಪ್ರಾಣಾಂತಿಕ ಬಲಪ್ರಯೋಗಕ್ಕೆ ಕಾನೂನು ಅವಕಾಶ ಕೊಡುವ ಸಂದರ್ಭವೊಂದನ್ನು ಬಿಟ್ಟು ಕುತ್ತಿಗೆ ಅದುಮುವುದನ್ನು ನಿಷೇಧಿಸುವ ನೀತಿ ಇರಬೇಕೆಂದೂ ಕೇಳಿತು. ಅಲ್ಲಿಯವರೆಗೆ ಕಚೇರಿಯ ಮೂಲೆಯಲ್ಲಿದ್ದ ನಮ್ಮ ಮೇಜಿನ ಬಳಿಗೆ ಮೇಲಧಿಕಾರಿಗಳು ತಾವಾಗಿಯೇ ಬರತೊಡಗಿದ್ದು ಆಗಲೇ.

ಇನ್ನು ಕಡತದ ವಿಷಯ. ಒಂದೊಂದು ಮಾನದಂಡಕ್ಕೂ ಒಂದೊಂದು ಕಡತ. ಮೇಲೆ ಲಿಖಿತ ನೀತಿ, ಅದರ ಕೆಳಗೆ ಆ ನೀತಿಯಂತೆ ನಡೆದುಕೊಂಡಿದ್ದೇವೆ ಎಂಬುದಕ್ಕೆ ಪುರಾವೆ: ಒಂದು ವರದಿ, ಒಂದು ಮೆಮೊ, ತರಬೇತಿಯ ಹಾಜರಿ ಪಟ್ಟಿ. ಈಗ ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಆದರೆ ಕ್ರಮ ಅದೇ. ಮಾನ್ಯತೆ ಸಿಕ್ಕ ಮೇಲೆ ನಾಲ್ಕು ವರ್ಷಗಳ ಸುತ್ತು ಶುರುವಾಗುತ್ತದೆ. ಪ್ರತಿ ವರ್ಷ ಪರಿಶೀಲಕರು ದೂರದಿಂದಲೇ ಕೆಲವು ಕಡತಗಳನ್ನು ತೆರೆದು ನೋಡುತ್ತಾರೆ, ನಾಲ್ಕನೆಯ ವರ್ಷ ಖುದ್ದಾಗಿ ಬರುತ್ತಾರೆ. ನನ್ನ ಎಷ್ಟೋ ಶುಕ್ರವಾರದ ಸಂಜೆಗಳು ಸಹಿ ಹಾಕದೆ ಉಳಿದ ಒಂದು ಹಾಳೆಯನ್ನು ಹಿಡಿದುಕೊಂಡು ಕ್ಯಾಪ್ಟನ್ನರ ಕೋಣೆಯ ಹೊರಗೆ ಕಾಯುವುದರಲ್ಲೇ ಕಳೆದಿವೆ.

ನಿವಾಸಿಗಳು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮಾನದಂಡಗಳಲ್ಲಿ ಬಹುಪಾಲು, ಇಂಥ ವಿಷಯದ ಬಗ್ಗೆ ಲಿಖಿತ ನಿರ್ದೇಶನ ಇರಬೇಕು ಎಂದು ಹೇಳುತ್ತವೆಯೇ ಹೊರತು ಆ ನಿರ್ದೇಶನದಲ್ಲಿ ಏನಿರಬೇಕು ಎಂಬುದನ್ನು ಬಹಳಷ್ಟು ಇಲಾಖೆಗೇ ಬಿಡುತ್ತವೆ. ಓಡಿಹೋಗುವ ವಾಹನವನ್ನು ಬೆನ್ನಟ್ಟುವ ಬಗ್ಗೆ ನೀತಿ ಇರಲೇಬೇಕು. ಸಣ್ಣ ಕಳ್ಳತನದ ಆರೋಪಿಯನ್ನು ಜನನಿಬಿಡ ರಸ್ತೆಯಲ್ಲಿ ಬೆನ್ನಟ್ಟಬಹುದೋ ಬಾರದೋ ಎಂಬುದನ್ನು ಇಲಾಖೆಯೇ ಬರೆದುಕೊಳ್ಳುತ್ತದೆ. ಒಂದು ಇಲಾಖೆ ಬಿಗಿಯಾಗಿ ಬರೆಯುತ್ತದೆ, ಇನ್ನೊಂದು ಸಡಿಲವಾಗಿ. ಮಾನ್ಯತೆಯ ಫಲಕ ಎರಡರ ಗೋಡೆಯ ಮೇಲೂ ಒಂದೇ ರೀತಿ ಹೊಳೆಯುತ್ತದೆ.

ಆದರೂ ನಾನು ಇದನ್ನು ಸುಣ್ಣ ಬಳಿಯುವ ಕೆಲಸ ಎನ್ನಲಾರೆ, ಏಕೆಂದರೆ ಕೆಲವು ಮಾನದಂಡಗಳು ಗೊತ್ತಾದ ಅವಧಿಗೆ ಗೊತ್ತಾದ ಕಾಗದ ಹುಟ್ಟಲೇಬೇಕು ಎನ್ನುತ್ತವೆ. ಬಲಪ್ರಯೋಗದ ವರದಿಗಳನ್ನು ವರ್ಷಕ್ಕೊಮ್ಮೆ ಒಟ್ಟಾಗಿ ವಿಶ್ಲೇಷಿಸಿ ಬರೆಯಬೇಕು. ಪಕ್ಷಪಾತದ ದೂರುಗಳನ್ನು ವರ್ಷಕ್ಕೊಮ್ಮೆ ಪರಾಮರ್ಶಿಸಬೇಕು. ಪದೇ ಪದೇ ದೂರಿಗೆ ಒಳಗಾಗುವ ಅಧಿಕಾರಿಯನ್ನು ಮೊದಲೇ ಗುರುತಿಸುವ ವ್ಯವಸ್ಥೆ ಇರಬೇಕು. ಆಂತರಿಕ ತನಿಖೆಗೆ ಮೀಸಲಾದ 52ನೆಯ ಅಧ್ಯಾಯವನ್ನಂತೂ ನಿಮ್ಮ ಸಮಿತಿ ಬಾಯಿಪಾಠ ಮಾಡಬೇಕು: ಹೆಸರಿಲ್ಲದ ದೂರನ್ನೂ ಸೇರಿಸಿ ಎಲ್ಲ ದೂರುಗಳನ್ನೂ ತನಿಖೆ ಮಾಡಬೇಕು, ದೂರು ತಲುಪಿತೆಂಬುದನ್ನು, ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು ಮತ್ತು ಕೊನೆಯ ಫಲಿತಾಂಶವನ್ನು ದೂರುದಾರರಿಗೆ ತಿಳಿಸಬೇಕು, ದೂರುಗಳ ವಾರ್ಷಿಕ ಅಂಕಿಅಂಶವನ್ನು ಸಾರ್ವಜನಿಕರಿಗೆ ಒದಗಿಸಬೇಕು. ಆ ತಾಯಿ ಏಳು ತಿಂಗಳು ಸುದ್ದಿಯಿಲ್ಲದೆ ಕಾದದ್ದು ಈ ಅಧ್ಯಾಯದ ಅಳತೆಗೋಲಿನಲ್ಲಿ ನೋಡಿದರೆ ಸಣ್ಣ ಲೋಪವೇನಲ್ಲ. ಪರಿಶೀಲಕರ ಮುಂದೆ ಅನ್ಯಾಯವಾಯಿತು ಎಂದು ಹೇಳುವುದಕ್ಕಿಂತ, ಇಂಥ ದಿನ ದೂರು ಕೊಟ್ಟೆವು, ಇಂಥ ದಿನದವರೆಗೆ ಒಂದು ಪತ್ರವೂ ಬರಲಿಲ್ಲ ಎಂದು ಹೇಳಿ. ಅವರು ಬರೆದುಕೊಳ್ಳುವುದು ಅದನ್ನೇ.

ಉತ್ತರ 2: ಪ್ರತಿವಾದಿ

ಕಡತದವರ ವಿವರಣೆ ಪ್ರಾಮಾಣಿಕವಾಗಿದೆ. ಅದಕ್ಕಾಗಿಯೇ ಅದು ನನ್ನ ಸಂದೇಹವನ್ನು ಕಡಿಮೆ ಮಾಡುವ ಬದಲು ಗಟ್ಟಿ ಮಾಡಿತು. ಶುಲ್ಕ ಕೊಡುವವರು ಪರೀಕ್ಷೆಗೆ ಕೂರುವವರೇ. ಪರೀಕ್ಷೆಯ ದಿನಾಂಕ ಮೊದಲೇ ಗೊತ್ತಿರುತ್ತದೆ. ನಪಾಸಾದರೆ ಹೆಚ್ಚೆಂದರೆ ಫಲಕ ಹೋಗುತ್ತದೆ. ಒಬ್ಬ ಅಧಿಕಾರಿಯ ಕೆಲಸವೂ ಹೋಗುವುದಿಲ್ಲ, ಒಬ್ಬ ಬಾಧಿತರಿಗೂ ಪರಿಹಾರ ಸಿಗುವುದಿಲ್ಲ. ಮೇಲಾಗಿ, ಸ್ವಂತ ಇಚ್ಛೆಯಿಂದ ಅರ್ಜಿ ಹಾಕುವ ಇಲಾಖೆಗಳಲ್ಲಿ ಹೆಚ್ಚಿನವು ಮೊದಲೇ ಕಚೇರಿಯನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡವು. ಹಾಗಾಗಿ ಮಾನ್ಯತೆ ಪಡೆದ ಇಲಾಖೆಗಳಲ್ಲಿ ದೂರು ಕಡಿಮೆ ಎಂದು ಯಾರಾದರೂ ತೋರಿಸಿದರೂ ಅದು ಮಾನ್ಯತೆಯ ಫಲವೇ ಎಂದು ಹೇಳಲು ಬರುವುದಿಲ್ಲ.

ನೆರೆಬೀದಿಯವರೇ, ನಿಮ್ಮ ಸಮಿತಿಯ ಶಕ್ತಿ ಎಲ್ಲಿ ಖರ್ಚಾಗಬೇಕೆಂದು ಯೋಚಿಸುವಾಗ ಮೂರು ಬೇರೆ ಬೇರೆ ಸಂಗತಿಗಳನ್ನು ಕಲಸಿಕೊಳ್ಳಬೇಡಿ. ಮಾನ್ಯತೆ ಇಲಾಖೆಗೆ ಸಂಬಂಧಿಸಿದ್ದು. ಅಧಿಕಾರಿಯೊಬ್ಬ ಆ ವೃತ್ತಿಯಲ್ಲಿ ಮುಂದುವರಿಯಲು ಬೇಕಾದ ಪ್ರಮಾಣಪತ್ರ ವ್ಯಕ್ತಿಗೆ ಸಂಬಂಧಿಸಿದ್ದು, ಅದನ್ನು ಕೊಡುವುದು ಮತ್ತು ಕಿತ್ತುಕೊಳ್ಳುವುದು ರಾಜ್ಯದ ಮಂಡಳಿ. ಒಂದು ಊರಿನಲ್ಲಿ ವಜಾ ಆದವನು ಪಕ್ಕದ ಊರಿನಲ್ಲಿ ಸೇರಿಕೊಳ್ಳುವುದನ್ನು ತಡೆಯುವುದು ಈ ಎರಡನೆಯದೇ. ಮ್ಯಾಸಚೂಸೆಟ್ಸ್ ಇಂಥ ಅಧಿಕಾರವಿರುವ ಆಯೋಗವನ್ನು 2020ರ ಕೊನೆಯಲ್ಲಿ ಸಹಿಯಾದ ಕಾಯ್ದೆಯಿಂದಷ್ಟೇ ಪಡೆಯಿತು. ಕ್ಯಾಲಿಫೋರ್ನಿಯಾದಂಥ ದೊಡ್ಡ ರಾಜ್ಯವೂ 2021ರವರೆಗೆ ಇದಿಲ್ಲದೆಯೇ ನಡೆದಿತ್ತು. ಮೂರನೆಯದು ಶಿಸ್ತುಕ್ರಮ. ಅದು ಎಷ್ಟೋ ಕಡೆ ಪೊಲೀಸ್ ಯೂನಿಯನ್ನಿನ ಒಪ್ಪಂದದಲ್ಲಿ ಮತ್ತು ರಾಜ್ಯದ ಕಾನೂನಿನಲ್ಲಿ ಕಟ್ಟುಬಿದ್ದಿರುತ್ತದೆ. ಮೇರಿಲ್ಯಾಂಡ್ 1974ರಲ್ಲಿ ಪೊಲೀಸ್ ಅಧಿಕಾರಿಗಳ ಹಕ್ಕುಗಳಿಗಾಗಿ ಪ್ರತ್ಯೇಕ ಕಾನೂನು ಮಾಡಿತು, ದೇಶದಲ್ಲಿ ಅದೇ ಮೊದಲನೆಯದು. 2021ರಲ್ಲಿ ಅದನ್ನೇ ರದ್ದು ಮಾಡಿ, ಪ್ರತಿ ಕೌಂಟಿಯಲ್ಲೂ ಪೊಲೀಸ್ ಉತ್ತರದಾಯಿತ್ವ ಮಂಡಳಿ ಇರಬೇಕೆಂದು ವಿಧಿಸಿತು. ಆ ನಲವತ್ತೇಳು ವರ್ಷಗಳಲ್ಲಿ ಮಾನ್ಯತೆಯ ಯಾವ ಕಡತವೂ ಆ ಕಾನೂನಿನ ಒಂದು ಅಕ್ಷರವನ್ನೂ ಅಲ್ಲಾಡಿಸುವಂತಿರಲಿಲ್ಲ.

ನಿಜವಾದ ಹಲ್ಲಿರುವುದು ನ್ಯಾಯಾಲಯದ ಆದೇಶಕ್ಕೆ. ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯರನ್ನು ಥಳಿಸಿದ ಪ್ರಕರಣದ ನಂತರ 1994ರಲ್ಲಿ ಬಂದ ಕಾನೂನು, ಸಾಂವಿಧಾನಿಕ ಹಕ್ಕುಗಳನ್ನು ಉಲ್ಲಂಘಿಸುವುದನ್ನೇ ರೂಢಿ ಮಾಡಿಕೊಂಡ ಇಲಾಖೆಯ ಮೇಲೆ ಕೇಂದ್ರದ ನ್ಯಾಯ ಇಲಾಖೆ ದಾವೆ ಹೂಡಬಹುದೆಂದು ಹೇಳಿತು; 1997ರಲ್ಲಿ ಪಿಟ್ಸ್‌ಬರ್ಗ್ ಈ ಕಾನೂನಿನಡಿ ಒಪ್ಪಂದ ತೀರ್ಪಿಗೆ, ಅಂದರೆ ನ್ಯಾಯಾಲಯದ ಉಸ್ತುವಾರಿಯಲ್ಲಿ ಸುಧಾರಣೆಗೆ ಒಪ್ಪುವ ಆದೇಶಕ್ಕೆ, ಒಳಗಾದ ಮೊದಲ ನಗರವಾಯಿತು. ಅಲ್ಲಿ ಮಾತು ತಪ್ಪಿದರೆ ಕೇಳುವವರು ನ್ಯಾಯಾಧೀಶರು. ಮಾನ್ಯತೆಯ ವಿಷಯದಲ್ಲಿ ಕೇಳುವವರು ಯಾರು? ನಗರಸಭೆಗೆ ವಿಮೆಯ ಕಂತಿನಲ್ಲಿ ಸ್ವಲ್ಪ ರಿಯಾಯಿತಿ ಸಿಗಬಹುದು, ದಾವೆ ಬಿದ್ದಾಗ ನಮ್ಮ ನೀತಿಗಳು ರಾಷ್ಟ್ರೀಯ ಮಟ್ಟದವು ಎಂದು ವಕೀಲರು ವಾದಿಸಬಹುದು. ಆ ಹುಡುಗನ ತಾಯಿಗೆ ಬಂದ ಪತ್ರದಲ್ಲಿದ್ದ ಮಾತನ್ನು ಇನ್ನೊಮ್ಮೆ ಓದಿ: ನೀತಿಗೆ ಅನುಗುಣವಾಗಿತ್ತು. ನೀತಿಗೆ ಮಾನ್ಯತೆಯ ಮುದ್ರೆಯೂ ಬಿದ್ದರೆ ಮುಂದಿನ ಪತ್ರ ಇನ್ನೂ ಚಿಕ್ಕದಾಗಬಹುದು.

ಉತ್ತರ 3: ಹತ್ತು ನಿಮಿಷ

ಪ್ರತಿವಾದಿಯವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಐವತ್ತು ಅಧಿಕಾರಿಗಳ ಇಲಾಖೆಯ ಮೇಲೆ ಕೇಂದ್ರದ ನ್ಯಾಯ ಇಲಾಖೆ ಬಂದು ದಾವೆ ಹೂಡುವವರೆಗೆ ಕಾಯಿರಿ ಎಂದರೆ ಅದು ಏನನ್ನೂ ಮಾಡಬೇಡಿ ಎಂದಂತೆಯೇ ಆಗುತ್ತದೆ. ಸಣ್ಣ ಊರುಗಳಿಗೆ ಕೈಗೆಟಕುವ ದಾರಿಗಳು ಕಡಿಮೆ, ಅವುಗಳಲ್ಲಿ ಇದೊಂದು.

ನಮ್ಮ ಊರಿನಲ್ಲಿ ಪರಿಶೀಲಕರು ಬಂದಾಗ ನಾನು ಮಾತನಾಡಿದ್ದೇನೆ. ಆ ಕಾಲದಲ್ಲಿ ದೂರವಾಣಿಯಲ್ಲಿ ಅಭಿಪ್ರಾಯ ಹೇಳುವವರಿಗೆ ಹತ್ತು ನಿಮಿಷದ ಮಿತಿ ಇತ್ತು, ಹೇಳುವ ಮಾತು ಇಲಾಖೆ ಮಾನದಂಡಗಳನ್ನು ಪಾಲಿಸಬಲ್ಲದೇ ಎಂಬುದಕ್ಕೇ ಸಂಬಂಧಿಸಿರಬೇಕಿತ್ತು. ನನಗಿಂತ ಮೊದಲು ಮಾತನಾಡಿದವರು ಬಹಳ ನೊಂದವರು. ಅವರು ದೇಶದ ಪೊಲೀಸ್ ವ್ಯವಸ್ಥೆಯ ಬಗ್ಗೆ ಹೇಳಿದ್ದು ಎಲ್ಲವೂ ಸತ್ಯವೇ, ಆದರೂ ಪರಿಶೀಲಕರು ಗೌರವದಿಂದ ಕೇಳಿಸಿಕೊಂಡು ಸುಮ್ಮನಾದರು. ನಾನು ಒಂದೇ ಸಂಗತಿಯನ್ನು ಹೇಳಿದೆ. ನಮ್ಮ ಗುಂಪಿನ ಮೂವರು ಬೇರೆ ಬೇರೆ ದಿನ ಠಾಣೆಯ ಮುಂಗಟ್ಟೆಗೆ ಹೋಗಿ ದೂರಿನ ಅರ್ಜಿ ನಮೂನೆಯನ್ನು ಕೇಳಿದ್ದೆವು. ಒಬ್ಬರಿಗೆ ನಮೂನೆ ಸಿಕ್ಕಿತು. ಇನ್ನೊಬ್ಬರಿಗೆ ಸಾರ್ಜೆಂಟ್ ಇಲ್ಲ, ನಾಳೆ ಬನ್ನಿ ಎಂದರು. ಮೂರನೆಯವರನ್ನು, ಯಾರ ಮೇಲೆ ದೂರು, ಏಕೆ, ನಿಮ್ಮ ಚಾಲನಾ ಪರವಾನಗಿ ಕೊಡಿ ಎಂದು ಕೇಳಿದರು. ಹೆಸರಿಲ್ಲದ ದೂರನ್ನೂ ತೆಗೆದುಕೊಳ್ಳುತ್ತೇವೆ ಎಂದು ಇಲಾಖೆಯ ನೀತಿಯಲ್ಲೇ ಬರೆದಿತ್ತು. ಪರಿಶೀಲಕರು ಕೇಳಿದ ಮೊದಲ ಪ್ರಶ್ನೆ: ದಿನಾಂಕ ಮತ್ತು ಗಂಟೆ ಇದೆಯೇ? ಇತ್ತು. ಕೆಲವು ವಾರಗಳಲ್ಲಿ ನಮೂನೆ ಮುಂಗಟ್ಟೆಯ ಹೊರಗಿನ ಡಬ್ಬಿಗೂ ಜಾಲತಾಣಕ್ಕೂ ಬಂತು. ದೊಡ್ಡ ಗೆಲುವೆಂದು ನಾನು ಹೇಳಿಕೊಳ್ಳುವುದಿಲ್ಲ, ಆದರೆ ಅದಕ್ಕೂ ಮೊದಲು ನಾಲ್ಕು ವರ್ಷ ನಗರ ಪರಿಷತ್ತಿನ ಮುಂದೆ ಅದನ್ನೇ ಕೇಳಿ ನಾವು ಸೋತಿದ್ದೆವು.

ಈಗ ಇಲಾಖೆಯು ಅಭಿಪ್ರಾಯ ಸಲ್ಲಿಸುವ ಪೋರ್ಟಲ್ ಒಂದನ್ನು ತೆರೆದಿಡಬೇಕಾಗುತ್ತದೆ; ಅದರ ಕೊಂಡಿ ಇಲಾಖೆಯ ಜಾಲತಾಣದಲ್ಲಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಮಾನದಂಡಗಳ ಪುಸ್ತಕ ಹಣ ಕೊಟ್ಟು ಕೊಳ್ಳಬೇಕಾದದ್ದು, ಆದರೆ ಠಾಣೆಯಲ್ಲಿ ಅದರ ಪ್ರತಿಯನ್ನು ನೋಡಲು ಕೇಳಬಹುದು. ನಾವು ಇಬ್ಬರು ಒಂದು ಮಧ್ಯಾಹ್ನವಿಡೀ ಅಲ್ಲಿ ಕೂತು ಕೈಯಲ್ಲೇ ಬರೆದುಕೊಂಡೆವು. ಇಲಾಖೆಯ ನೀತಿಗಳು, ವಾರ್ಷಿಕ ವಿಶ್ಲೇಷಣೆಗಳು ಬೇಕಾದರೆ ಕೇಂದ್ರದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯನ್ನು ಉಲ್ಲೇಖಿಸಬೇಡಿ. ಅದು ಕೇಂದ್ರದ ಕಚೇರಿಗಳಿಗೆ ಮಾತ್ರ ಅನ್ವಯಿಸುತ್ತದೆ, ಮೊದಲ ಅರ್ಜಿಯಲ್ಲಿ ನಾವು ಅದೇ ತಪ್ಪು ಮಾಡಿ ಒಂದು ತಿಂಗಳು ಕಳೆದುಕೊಂಡೆವು. ನಿಮ್ಮ ರಾಜ್ಯದ ಸಾರ್ವಜನಿಕ ದಾಖಲೆಗಳ ಕಾನೂನಿನಡಿ ಅರ್ಜಿ ಹಾಕಿ. ಹಾಕುವಾಗ ಬಲಪ್ರಯೋಗಕ್ಕೆ ಸಂಬಂಧಿಸಿದ ಎಲ್ಲ ದಾಖಲೆ ಎಂದು ಬರೆದರೆ ವಿನಾಯಿತಿಗಳ ಪಟ್ಟಿಯೇ ಉತ್ತರವಾಗಿ ಬರುತ್ತದೆ. ಇಂಥ ವರ್ಷದ ಬಲಪ್ರಯೋಗ ವರದಿಗಳ ವಾರ್ಷಿಕ ವಿಶ್ಲೇಷಣೆ ಎಂದು ಹೆಸರು ಹಿಡಿದು ಕೇಳಿ. ಮಾನ್ಯತೆಗಾಗಿ ಅದನ್ನು ಬರೆದಿರಲೇಬೇಕಾದ್ದರಿಂದ, ಅಂಥ ದಾಖಲೆ ನಮ್ಮಲ್ಲಿಲ್ಲ ಎಂದು ಹೇಳಿದರೆ ಆ ಉತ್ತರವೇ ಪರಿಶೀಲಕರಿಗೆ ಕಳಿಸಲು ಯೋಗ್ಯವಾದ ಕಾಗದ.

ಇನ್ನೊಂದು ದಾರಿ ನಗರ ಪರಿಷತ್ತಿನದು. ಮಾನ್ಯತೆಯ ಶುಲ್ಕ ಬಜೆಟ್ಟಿನಲ್ಲಿ ಬರುತ್ತದೆ, ಬಜೆಟ್ಟಿಗೆ ಪರಿಷತ್ತಿನ ಒಪ್ಪಿಗೆ ಬೇಕು. ಆ ಒಪ್ಪಿಗೆಗೆ, ಪರಿಶೀಲಕರ ವರದಿಯನ್ನೂ ವಾರ್ಷಿಕ ವಿಶ್ಲೇಷಣೆಗಳನ್ನೂ ಬಲಪ್ರಯೋಗದ ನೀತಿಯನ್ನೂ ಪೂರ್ತಿಯಾಗಿ ಜಾಲತಾಣದಲ್ಲಿ ಪ್ರಕಟಿಸಬೇಕು ಎಂಬ ಷರತ್ತನ್ನು ಸೇರಿಸುವಂತೆ ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ಪ್ರತಿವಾದಿಯವರು ಕೇಳಿದ ಹಲ್ಲು ಮಾನ್ಯತೆಯಲ್ಲಿಲ್ಲ ಎಂಬುದು ನಿಜ. ಹಣ ಕೊಡುವವರಲ್ಲಿ ಅದು ಇರಬಹುದು.

ಉತ್ತರ 4: ಪ್ರತಿವಾದಿ

ಮುಂಗಟ್ಟೆಗೆ ಮೂವರನ್ನು ಕಳಿಸಿದ ಉಪಾಯ ನನಗೆ ಹಿಡಿಸಿತು. ಬಜೆಟ್ಟಿನ ಷರತ್ತಿನ ಮಾತನ್ನೂ ಒಪ್ಪುತ್ತೇನೆ. ಒಂದನ್ನು ಮಾತ್ರ ಬಿಟ್ಟುಕೊಡಲಾರೆ: ಮಾನ್ಯತೆ ಸಿಕ್ಕ ದಿನ ತೆಗೆಯುವ ಫೋಟೋದಲ್ಲಿ ನಿಮ್ಮ ಸಮಿತಿಯವರು ನಿಲ್ಲಬಾರದು. ಮುಂದೆ ನಾಗರಿಕರ ಮೇಲ್ವಿಚಾರಣಾ ಮಂಡಳಿ ಬೇಕೆಂದು ಕೇಳಲು ಹೋದಾಗ ಮೊದಲು ಹೊರಬರುವುದು ಅದೇ ಫೋಟೋ.

ಉತ್ತರ 5: ನೆರೆಬೀದಿ

ಎಲ್ಲರಿಗೂ ಕೃತಜ್ಞತೆಗಳು. ಐದು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ. ನಮ್ಮ ಇಲಾಖೆ ಅರ್ಜಿ ಹಾಕಿರುವುದು ಕಲಿಯಾಗೇ ಎಂದು ಖಚಿತವಾಯಿತು. ಹತ್ತು ನಿಮಿಷದವರು ಹೇಳಿದಂತೆ ರಾಜ್ಯದ ಕಾನೂನಿನಡಿ ಎರಡು ವರ್ಷಗಳ ಬಲಪ್ರಯೋಗ ವಿಶ್ಲೇಷಣೆಯನ್ನು ಹೆಸರು ಹಿಡಿದು ಕೇಳಿದೆವು, ಸಿಕ್ಕಿತು. ಒಂದೊಂದೂ ಎರಡು ಪುಟ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿದಾಗ, ಕೋಷ್ಟಕದಲ್ಲಿನ ಸಂಖ್ಯೆಗಳು ಬೇರೆಯಾಗಿದ್ದರೂ ಅದರ ಕೆಳಗಿನ ನಾಲ್ಕು ಪ್ಯಾರಾಗಳು ಅಕ್ಷರ ಅಕ್ಷರವೂ ಒಂದೇ ಆಗಿದ್ದವು. ಪರಿಶೀಲನೆಯಲ್ಲಿ ಯಾವುದೇ ಪ್ರವೃತ್ತಿ ಕಂಡುಬಂದಿಲ್ಲ, ತರಬೇತಿಯಲ್ಲಿ ಬದಲಾವಣೆ ಅಗತ್ಯವಿಲ್ಲ ಎಂದು ಎರಡರಲ್ಲೂ ಇದೆ. ಮೂರನೆಯ ಪ್ಯಾರಾದಲ್ಲಿ ಹಿಂದಿನ ವರ್ಷದ ಸಂಖ್ಯೆಯನ್ನು ತಿದ್ದುವುದನ್ನೂ ಮರೆತಿದ್ದಾರೆ. ಆದರೆ ಅದೇ ಕೋಷ್ಟಕದ ಪ್ರಕಾರ, ವಾಹನ ನಿಲ್ಲಿಸಿದ ಸಂದರ್ಭಗಳಲ್ಲಿ ಕೈಯಿಂದ ಬಲಪ್ರಯೋಗ ಮಾಡಿದ ಪ್ರಕರಣಗಳು ಒಂದೇ ವರ್ಷದಲ್ಲಿ ನಾಲ್ಕರಿಂದ ಒಂಬತ್ತಕ್ಕೆ ಏರಿವೆ.

ಸಮಿತಿಯಲ್ಲಿ ಹುಡುಗನ ತಾಯಿಯೂ ಇದ್ದಾರೆ. ಆ ನಾಲ್ಕರಲ್ಲಿ ಒಂದು ತನ್ನ ಮಗನದು ಎಂದಷ್ಟೇ ಅವರು ಹೇಳಿದರು. ಎರಡೂ ವರದಿಗಳನ್ನು, ಅವರ ದೂರಿನ ದಿನಾಂಕವನ್ನು, ಏಳು ತಿಂಗಳ ನಂತರದ ಪತ್ರವನ್ನು ಒಟ್ಟಿಗೆ ಸೇರಿಸಿ ಪೋರ್ಟಲ್ಲಿನಲ್ಲಿ ಸಲ್ಲಿಸಬೇಕೆಂದಿದ್ದೇವೆ. ಸಲ್ಲಿಸುವ ಮುನ್ನ ಇನ್ನೇನಾದರೂ ಸೇರಿಸಬೇಕೇ?

ಉತ್ತರ 6: ಕಡತದವರು

ಎರಡು ವಿಷಯ. ಪ್ಯಾರಾಗಳು ಒಂದೇ ಆಗಿವೆ ಎಂದು ಬರೆದು ಬಿಡಬೇಡಿ. ಎರಡೂ ಪುಟಗಳಲ್ಲಿ ಆ ಸಾಲುಗಳಿಗೆ ಗೆರೆ ಎಳೆದು, ನಾಲ್ಕು ಮತ್ತು ಒಂಬತ್ತು ಎಂಬ ಸಂಖ್ಯೆಗಳಿಗೆ ಸುತ್ತು ಹಾಕಿ. ಪರಿಶೀಲಕರ ಬಳಿ ನೂರಾರು ಕಡತಗಳಿರುತ್ತವೆ, ಅವರ ಕಣ್ಣು ಎಲ್ಲಿ ನಿಲ್ಲಬೇಕೆಂಬುದನ್ನು ನೀವೇ ತೋರಿಸಬೇಕು. ತಾಯಿಗೆ ಬಂದ ಪತ್ರವನ್ನು ಬಲಪ್ರಯೋಗದ ವರದಿಗಳ ಜೊತೆ ಸೇರಿಸದೆ, 52ನೆಯ ಅಧ್ಯಾಯ ಎಂದು ಮೇಲೆ ಬರೆದು ಪ್ರತ್ಯೇಕವಾಗಿ ಸಲ್ಲಿಸಿ, ಇಲ್ಲವಾದರೆ ಒಂದಕ್ಕೆ ಉತ್ತರ ಬರೆದು ಎರಡೂ ಮುಗಿದವೆಂದು ಕಡತ ಮುಚ್ಚುತ್ತಾರೆ. ಹಾಗೆ ಮುಚ್ಚಿದವರಲ್ಲಿ ನಾನೂ ಒಬ್ಬ.